ಗ್ರಾಮೋದ್ಯಾನವೂ ಗ್ರಾಮವಿನೋದವೂ

(ಶ್ರೀಮಠದ ಸಂಸ್ಕೃತ-ಕನ್ನಡ ಪಾಠಶಾಲೆಯ ಸುವರ್ಣ ಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

  

ವ್ಯಾಕರಣದ ಪಾಠ ಹೇಳುತ್ತ ತಲೆ ನರೆಸಿಕೊಂಡ ನನ್ನಂಥವನು ಷಟ್ಸ್ಥಲವನ್ನೋ ಶಬ್ದಶಾಸ್ತ್ರವನ್ನೋ ಕುರಿತು ಮಾತನಾಡುವುದು ಸಹಜ. ಆದರೆ ಮಹೋತ್ಸವ ಸಮಿತಿಯವರು ಊರಿನ ಉದ್ಯಾನ, ಆಟದ ಬಯಲು, ವಿನೋದ ಕಾರ್ಯಗಳ ನಿರ್ವಾಹವೆಂಬ ವಿಷಯವನ್ನು ನನಗೆ ಒಪ್ಪಿಸಿರುವರು. ಅದರ ಕಾರಣ ತಮ್ಮಲ್ಲಿ ಅನೇಕರಿಗೆ ವಿದಿತವೇ ಸರಿ. ಶ್ರೀಮಠದ ಹಿಂಬದಿಯ ಒಂದು ಎಕರೆ ಬಯಲನ್ನು ಏನು ಮಾಡತಕ್ಕದ್ದೆಂಬ ವಿಚಾರದಲ್ಲಿ ಸಮಿತಿಯೊಳಗೆ ಎರಡು ಅಭಿಪ್ರಾಯಗಳಿರುವುವು. ಬಯಲಿನ ತುಂಬ ಮಳಿಗೆಗಳನ್ನು ಕಟ್ಟಿಸಿದರೆ ಬಾಡಿಗೆಯ ಹಣದಿಂದ ದಾಸೋಹಕ್ಕೆ ಶಾಶ್ವತವಾದ ಆಧಾರವಾಗುವುದೆಂದು ಕೆಲವರು ಹೇಳುವರು. ಊರ ಮಕ್ಕಳಿಗೆ ಆಡಲು, ಹಿರಿಯರಿಗೆ ಕುಳಿತುಕೊಳ್ಳಲು, ಬಯಲು ಬಯಲಾಗಿಯೇ ಉಳಿಯಬೇಕೆಂದು ಉಳಿದವರು ಹೇಳುವರು. ಎರಡು ಪಕ್ಷದವರೂ ಶ್ರೀಮಠದ ಹಿತವನ್ನೇ ಬಯಸುವವರಾದುದರಿಂದ ನಾನು ಯಾರ ಮೇಲೂ ದೋಷವನ್ನು ಹೊರಿಸಲಾರೆ. ದೋಷವೇನಾದರೂ ಇದ್ದರೆ ಅದು ನನ್ನಲ್ಲಿಯೇ ಇರುವುದು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು.

ಪಾಠಶಾಲೆಯವನಾದ್ದರಿಂದ ಮೊದಲು ಶಬ್ದದಿಂದಲೇ ಆರಂಭಿಸುವುದಕ್ಕೆ ಅಪ್ಪಣೆಯಾಗಲಿ. ಉದ್ಯಾನವೆಂಬ ಪದವು ‘ಉದ್’ ಎಂಬ ಉಪಸರ್ಗಪೂರ್ವಕವಾದ ‘ಯಾ’ ಧಾತುವಿನಿಂದ ಬಂದುದು. ಮನೆಯಿಂದ ಹೊರಟು ಹೋಗುವ ಜಾಗವೇ ಉದ್ಯಾನ. ದಿನವಿಡೀ ಹೊಲದಲ್ಲಿ, ಒಲೆಯ ಮುಂದೆ, ಮಗ್ಗದ ಕುಳಿಯಲ್ಲಿ ಕಳೆದ ಮನುಷ್ಯನು ಒಂದು ಗಳಿಗೆ ಹೊರಟು ಹೋಗಿ ಹಗುರಾಗಿ ಮರಳಿ ಬರಬೇಕು. ಆ ಹೋಗಿಬರುವಿಕೆಗೆ ಒಂದು ಸ್ಥಳವು ಬೇಕು. ನಮ್ಮ ಅಚ್ಚಗನ್ನಡದ ಮಾತು ತೋಂಟ. ಈ ಸೀಮೆಯ ಭಕ್ತರಿಗೆ ಆ ಮಾತಿನ ಹಿರಿಮೆಯನ್ನು ಹೇಳಬೇಕಾದುದಿಲ್ಲ. ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಂಟದಲ್ಲಿ ಬಹುಕಾಲ ಶಿವಯೋಗದಲ್ಲಿದ್ದುದರಿಂದ ತೋಂಟದ ಸಿದ್ಧಲಿಂಗರೆನಿಸಿದರು. ಡಂಬಳ-ಗದಗುಗಳ ತೋಂಟದಾರ್ಯ ಪೀಠವು ಇಂದಿಗೂ ಆ ಹೆಸರನ್ನೇ ಹೊತ್ತಿರುವುದು. ಒಂದು ಮಹಾಪರಂಪರೆಯು ತೋಟದ ಹೆಸರಿನಿಂದ ತನ್ನನ್ನು ಕರೆದುಕೊಂಡಿರುವಾಗ, ಗಿಡ ಮರ ಬಯಲುಗಳ ವಿಚಾರವು ಮಠದ ಸಭೆಗೆ ತಕ್ಕುದಲ್ಲವೆಂದು ಯಾರು ತಾನೆ ಹೇಳಿಯಾರು?

ಇನ್ನು ನಮ್ಮ ಹಿಂದಿನವರು ತೋಟವನ್ನು ಹೇಗೆ ನಡೆಸುತ್ತಿದ್ದರೆಂಬುದನ್ನು ನೋಡೋಣ. ಲಕ್ಷ್ಮೇಶ್ವರ, ಲಕ್ಕುಂಡಿ, ಡಂಬಳ, ಗದಗುಗಳು ಶಾಸನಗಳ ಕಣಜಗಳು. ಕನ್ನಡ ನಾಡಿನ ದಾನಶಾಸನಗಳಲ್ಲಿ ದೇಗುಲಕ್ಕೆ ಪೂದೋಂಟವನ್ನು ಬಿಟ್ಟ ಸಂಗತಿಯು ಮತ್ತೆ ಮತ್ತೆ ಬರುವುದು. ಅಲ್ಲಿ ಮೂರು ಮಾತುಗಳನ್ನು ಗಮನಿಸಬೇಕು. ಒಂದು, ಸೀಮೆ: ಮೂಡಲು ಯಾವ ಕಲ್ಲು, ತೆಂಕಲು ಯಾವ ಹಳ್ಳ ಎಂದು ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವರು. ಎರಡು, ಆಯ: ನಡೆಸಿಕೊಂಡು ಹೋಗಲು ಇಷ್ಟು ಮತ್ತರು ಭೂಮಿ, ಇಂತಹ ಸುಂಕದ ಇಷ್ಟು ಭಾಗವೆಂದು ಹೇಳುವರು. ಮೂರು, ರಕ್ಷಣೆ: ಇದನ್ನು ಕಾದವರಿಗೆ ಇಂಥ ಪುಣ್ಯ, ಅಳಿದವರಿಗೆ ಇಂಥ ಪಾಪ ಎಂದು ಮುಗಿಸುವರು. ಲಕ್ಷ್ಮೇಶ್ವರದ್ದೇ ಆದ ಎಂಟನೆಯ ಶತಮಾನದ ಒಂದು ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದು. ಚಾಳುಕ್ಯ ಯುವರಾಜನಾದ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯದು. ಅರಸಿನ ಅಧಿಕಾರಿಗಳ ಕರ್ತವ್ಯವೇನು, ಊರವರ ಕರ್ತವ್ಯವೇನು ಎಂಬುದನ್ನು ಎರಡೂ ಕಡೆಗೆ ಬರೆದಿಟ್ಟಿದ್ದಾರೆ. ಊರಿನ ಸಾಮುದಾಯಿಕ ವಸ್ತುವು ಒಳ್ಳೆಯ ಮನಸ್ಸೊಂದರಿಂದಲೇ ಉಳಿಯದೆಂಬುದನ್ನು ಅವರು ಸುಮಾರು 1300 ವರ್ಷಗಳ ಹಿಂದೆಯೇ ಅರಿತಿದ್ದರು.

ಈಗ ನನ್ನ ತಪ್ಪನ್ನು ಹೇಳುವೆನು. ಇಪ್ಪತ್ತೈದು ವರ್ಷಗಳ ಹಿಂದೆ, ಪಾಠಶಾಲೆಯ ರಜತ ಮಹೋತ್ಸವದಲ್ಲಿ, ಇದೇ ಬಯಲಿನಲ್ಲಿ ಒಂದು ಉದ್ಯಾನವನ್ನು ಮಾಡಿಸಿದೆವು. ಮೇಲ್ವಿಚಾರಣೆಯು ನನ್ನದಾಗಿತ್ತು. ನೂರು ಸಸಿಗಳನ್ನು ನೆಟ್ಟೆವು, ಪೇಟೆಯಿಂದ ಹುಲ್ಲಿನ ಹಾಸನ್ನು ತರಿಸಿದೆವು, ನಡುವೆ ಕಾರಂಜಿಯನ್ನಿಟ್ಟೆವು. ಅಮೃತಶಿಲೆಯ ಫಲಕದ ಮೇಲೆ ಹದಿನೇಳು ಮಂದಿಯ ಹೆಸರನ್ನು ಕೆತ್ತಿಸಿದೆವು. ಸೀಮೆಯನ್ನು ಬರೆಯಿಸಲಿಲ್ಲ, ಆಯವನ್ನು ಗೊತ್ತುಮಾಡಲಿಲ್ಲ, ಕಾಯುವವನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ಒಂದು ಸಸಿಗೆ ವಾರಕ್ಕೆ ಎರಡು ಕೊಡ ನೀರೆಂದರೂ ನೂರು ಸಸಿಗಳಿಗೆ ಇನ್ನೂರು ಕೊಡವಾಗುವುದೆಂಬ ಸಣ್ಣ ಲೆಕ್ಕವು ಸಿದ್ಧಾಂತಕೌಮುದಿಯನ್ನು ಓದಿದ ನನಗೆ ಹೊಳೆಯಲಿಲ್ಲ. ನಮ್ಮದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ. ಮೂರನೆಯ ಬೇಸಗೆಯಲ್ಲಿ ಕೊಳವೆಬಾವಿಯು ಬತ್ತಿತು. ಹುಲ್ಲು ಮೊದಲು ಹೋಯಿತು, ಬಳಿಕ ಸಸಿಗಳು ಒಣಗಿದವು, ಉಳಿದವುಗಳನ್ನು ಆಡುಗಳು ಮೇಯ್ದವು. ಆಡುಗಳ ಮೇಲಿನ ಸಿಟ್ಟಿನಿಂದ ನಾನು ಸುತ್ತಲೂ ಮುಳ್ಳುತಂತಿಯನ್ನು ಬಿಗಿಸಿ ಬಾಗಿಲಿಗೆ ಕೀಲಿ ಹಾಕಿಸಿದೆನು. ಕೀಲಿಕೈಯನ್ನು ನನ್ನ ಬಳಿಯಲ್ಲಿಯೇ ಇಟ್ಟುಕೊಂಡೆನು.

ಆಡುಗಳು ನಿಂತವು, ಮಕ್ಕಳೂ ನಿಂತರು. ಉದ್ಯಾನವಾಗುವ ಮೊದಲು ಅದೇ ಬಯಲಿನಲ್ಲಿ ಹುತುತು, ಲಗೋರಿ, ಚಿಣಿಪಣಿಗಳನ್ನು ಆಡುತ್ತಿದ್ದವರು ಮುಂದಿನ ಡಾಂಬರು ರಸ್ತೆಗೆ ಹೋದರು. ಒಂದು ಸಂಜೆ ಉಳ್ಳಾಗಡ್ಡಿಯ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿಗೆ ನಮ್ಮ ಪಾಠಶಾಲೆಯ ಹುಡುಗನೊಬ್ಬನು ಸಿಕ್ಕಿದನು. ಶಿವನ ದಯದಿಂದ ಪ್ರಾಣವುಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹಾಸಿಗೆಯಲ್ಲಿಯೇ ನನ್ನಿಂದ ಶಬ್ದರೂಪಗಳನ್ನು ಹೇಳಿಸಿಕೊಂಡನು. ಒಂದು ದಿನ, “ಗುರುಗಳೇ, ಆ ಬಾಗಿಲನ್ನು ಯಾವಾಗ ತೆಗೆಯುವಿರಿ?” ಎಂದು ಕೇಳಿದನು. ನಾನು ಉತ್ತರ ಕೊಡಲಿಲ್ಲ. ಆತನು ಈಗ ಗೃಹಸ್ಥನಾಗಿ, ಎರಡು ಮಕ್ಕಳ ತಂದೆಯಾಗಿ ಈ ಸಭೆಯಲ್ಲಿಯೇ ಕುಳಿತಿರುವನು. ಅವನ ಅಪ್ಪಣೆಯನ್ನು ಪಡೆದೇ ಈ ಮಾತನ್ನು ಹೇಳುತ್ತಿರುವೆನು.

ಆದುದರಿಂದ ಮಹನೀಯರೇ, ಬಯಲಿನ ವಿಚಾರವು ಸೊಬಗಿನ ವಿಚಾರವಷ್ಟೇ ಅಲ್ಲ. ಮಕ್ಕಳು ಹೇಗಾದರೂ ಆಡುವರು. ಎಲ್ಲಿ ಆಡುವರೆಂಬುದನ್ನು ಮಾತ್ರ ದೊಡ್ಡವರು ಗೊತ್ತುಮಾಡಬಲ್ಲರು.

ನಮ್ಮ ಸೀಮೆಗೆ ವಿನೋದವು ಹೊಸತಲ್ಲ. ನಾಗರಪಂಚಮಿಗೆ ಬೇವಿನ ಟೊಂಗೆಗೆ ಜೋಕಾಲಿ, ಕಾರಹುಣ್ಣಿಮೆಗೆ ಎತ್ತುಗಳ ಓಟ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಬಂಧುಬಳಗದೊಡನೆ ಊಟ, ಶ್ರಾವಣದಲ್ಲಿ ಪುರಾಣ ಮತ್ತು ಭಜನೆ, ಸುಗ್ಗಿ ಮುಗಿದ ಮೇಲೆ ದೊಡ್ಡಾಟ: ವರ್ಷದ ದುಡಿಮೆಯ ನಡುನಡುವೆ ಹಿರಿಯರು ವಿನೋದವನ್ನು ಕಾಲಕ್ಕೆ ಸರಿಯಾಗಿ ಹೆಣೆದಿಟ್ಟಿದ್ದರು. 1948ಕ್ಕೆ ಮೊದಲು ಗದಗ ಮುಂಡರಗಿಗಳು ಮುಂಬಯಿ ಸರಕಾರದ ಧಾರವಾಡ ಜಿಲ್ಲೆಯಲ್ಲಿಯೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿಯೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿಯೂ ಇದ್ದವು. ಹತ್ತು ಹರದಾರಿಯೊಳಗೆ ಮೂರು ಆಳಿಕೆಗಳು. ಆದರೂ ಜಾತ್ರೆಯ ತೇರಿಗೆ, ಕುಸ್ತಿಯ ಕಣಕ್ಕೆ, ನಾಟಕದ ಪರದೆಗೆ ಆ ಗಡಿಗಳು ಅಡ್ಡಬರಲಿಲ್ಲ. ಗದಗಿನ ಗರುಡ ಸದಾಶಿವರಾಯರ ನಾಟಕ ಮಂಡಳಿಯೂ, ಶಿರಹಟ್ಟಿಯ ಹೆಸರನ್ನೇ ಹೊತ್ತ ಮಂಡಳಿಗಳೂ ನಾಡಿನಲ್ಲೆಲ್ಲ ತಿರುಗಿದವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿ ಅದನ್ನೇ ಅವರ ಜೀವನಕ್ಕೆ ಆಧಾರವಾಗಿಸಿದರು. ಶಿರಹಟ್ಟಿಯ ಫಕೀರೇಶ್ವರರ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವರು. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಎಲ್ಲರೂ ಕೂಡಿ ಕುಳಿತು ರೊಟ್ಟಿಯನ್ನು ಸವಿಯುವರು. ಊರಿನ ಬಯಲೂ ಇಂಥದೇ ಆಗಿರಬೇಕು. ಯಾವ ಕೇರಿಯ ಮಗುವನ್ನೂ ನೀನು ಯಾರ ಮಗನೆಂದು ಬಾಗಿಲಲ್ಲಿ ಕೇಳಬಾರದು.

ನಿರ್ವಾಹವೆಂದರೆ ಏನೆಂಬುದನ್ನು ಕಲಿಯಬೇಕಾದರೆ ಗರಡಿಯ ಮನೆಗೆ ಹೋಗಬೇಕು. ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕೂಡಿಸಿ ಹದಗೊಳಿಸಿದ ಕೆಮ್ಮಣ್ಣಿನ ಕಣವನ್ನು ಪೈಲವಾನರೇ ಅಗೆದು, ಹೆಂಟೆ ಒಡೆದು, ಕಲ್ಲನ್ನು ಆರಿಸಿ ಸಮಮಾಡುವರು. ಆ ಬಳಿಕವೇ ಕೈಗೆ ಕೈ ಹಚ್ಚುವರು. ಅಗೆಯುವುದೇ ಮೊದಲ ಸಾಮು. ಆಟದ ನೆಲವನ್ನು ಆಡುವವನೇ ಹಸನುಮಾಡಬೇಕೆಂಬ ಈ ಒಂದು ಕಟ್ಟಳೆಯಿಂದ ಎಷ್ಟೋ ಗರಡಿಗಳು ತಲೆಮಾರುಗಳವರೆಗೆ ನಡೆದು ಬಂದವು. ಕಾಯಕವೆಂಬ ನಮ್ಮ ಮಾತಿಗೆ ಇದಕ್ಕಿಂತ ಸರಳವಾದ ಉದಾಹರಣೆಯು ನನಗೆ ತೋರುವುದಿಲ್ಲ.

ಇನ್ನೊಂದು ಪಾಠವು ಮಾಗಡಿ ಕೆರೆಯದು. ಶಿರಹಟ್ಟಿ ತಾಲೂಕಿನ ಆ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುವುದನ್ನು ತಾವು ನೋಡಿರುವಿರಿ. ಸುತ್ತಲ ಹೊಲಗಳಲ್ಲಿ ಮೇಯ್ದು ಬಂದು ನೀರಿನ ಮೇಲೆ ವಿಶ್ರಮಿಸುವ ಆ ಹಕ್ಕಿಗಳಿಗೆ ಊರವರು ಕೇಡನ್ನೆಣಿಸಲಿಲ್ಲ. 54 ಹೆಕ್ಟೇರಿನಷ್ಟು ಕಿರಿದಾದ ಆ ಕೆರೆಯು 2024ರಲ್ಲಿ ರಾಮ್ಸರ್ ಜೌಗುನೆಲಗಳ ಜಾಗತಿಕ ಪಟ್ಟಿಯಲ್ಲಿ ಸೇರಿತು. ನಮ್ಮ ಊರು ಯಾವುದರ ಸೆರಗಿನಲ್ಲಿ ಇದೆಯೋ ಆ ಕಪ್ಪತಗುಡ್ಡವೂ 2019ರಲ್ಲಿ ವನ್ಯಜೀವಿಧಾಮವಾಯಿತು. ಅದಕ್ಕಾಗಿ ರೈತರೂ ವಿಚಾರವಂತರೂ ಹೋರಾಡಿದರು. 2018ರಲ್ಲಿ ಲಿಂಗೈಕ್ಯರಾದ ಗದಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಅವರ ಮುಂದಾಳುಗಳಾಗಿದ್ದರು. ಹಕ್ಕಿಯ ಸಮೀಪಕ್ಕೆ ಹೋಗದಿರುವುದು, ಗುಡ್ಡವನ್ನು ಅಗೆಯದಿರುವುದು, ಇವೂ ಉದ್ಯಾನದ ನಿರ್ವಾಹಗಳೇ. ಅದೇ ಮಹಾಸ್ವಾಮಿಗಳು ತಮ್ಮ ಮಠದಲ್ಲಿ ಸೋಮವಾರದ ಶಿವಾನುಭವವನ್ನು ದಶಕಗಳ ಕಾಲ ತಪ್ಪದೆ ನಡೆಯಿಸಿದರು. ಇಂಥ ವಾರ ಇಂಥ ಹೊತ್ತಿಗೆ ನಡೆದೇ ನಡೆಯುವುದೆಂಬ ನಂಬುಗೆಯು ಹುಟ್ಟಿದರೆ ಜನರು ಕರೆಯದೆ ಬರುವರು. ವರ್ಷಕ್ಕೊಮ್ಮೆ ಅದ್ದೂರಿಯಿಂದ ಮಾಡಿದ ಉತ್ಸವಕ್ಕಿಂತ ವಾರಕ್ಕೊಮ್ಮೆ ಸಾದಾ ರೀತಿಯಿಂದ ನಡೆದ ಭಜನೆಯು ಊರನ್ನು ಹೆಚ್ಚು ಬೆಸೆಯುವುದು.

ಸರಕಾರವು ಇದನ್ನೆಲ್ಲ ಮಾಡಲಿ ಎಂದು ಕೆಲವರು ಹೇಳಬಹುದು. ಸಂವಿಧಾನಕ್ಕೆ 1992ರಲ್ಲಿ ಆದ ತಿದ್ದುಪಡಿಗಳಿಂದ ಎರಡು ಅನುಸೂಚಿಗಳು ಸೇರಿದವು. ಪಟ್ಟಣಗಳಿಗೆ ಸಂಬಂಧಿಸಿದ 12ನೆಯ ಅನುಸೂಚಿಯ 18 ವಿಷಯಗಳಲ್ಲಿ ಉದ್ಯಾನ, ತೋಟ, ಆಟದ ಬಯಲುಗಳನ್ನು ಹೆಸರಿಸಿ ಹೇಳಿದೆ. ಹಳ್ಳಿಗಳಿಗೆ ಸಂಬಂಧಿಸಿದ 11ನೆಯ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯ, ಸಾಂಸ್ಕೃತಿಕ ಕಾರ್ಯ, ಸಂತೆ-ಜಾತ್ರೆ, ಸಾಮುದಾಯಿಕ ಆಸ್ತಿಗಳ ರಕ್ಷಣೆಗಳು ಉಂಟು. ಉದ್ಯಾನವೂ ಆಟದ ಬಯಲೂ ಹೆಸರಿನಿಂದ ಬಂದಿಲ್ಲ. ಹಳ್ಳಿಯ ಸುತ್ತ ಹೊಲವೇ ಇರುವಾಗ ಉದ್ಯಾನವೇಕೆಂದು ಎಣಿಸಿದರೋ ಏನೋ! ಆದರೆ ಹೊಲವೆಲ್ಲ ಒಬ್ಬೊಬ್ಬರದು. ಬಿತ್ತಿದ ಹೊಲದಲ್ಲಿ ಮಕ್ಕಳಿಗೆ ಎಡೆಯಿಲ್ಲ, ಗಾಂವಠಾಣದಲ್ಲಿ ಮನೆಯ ಮೇಲೆ ಮನೆ. ಉದ್ಯೋಗಖಾತ್ರಿ ಯೋಜನೆಯಿಂದ ಅನೇಕ ಊರುಗಳಲ್ಲಿ ಶಾಲೆಯ ಬಯಲುಗಳು ಸಮವಾದುದು ನಿಜ. ಸಮಮಾಡುವುದಕ್ಕೆ ಹಣವು ಒಂದು ಸಲ ಬರುವುದು. ಗುಡಿಸುವ ಕೆಲಸವು ದಿನಾಲು ಇರುವುದು. ಆ ದಿನಾಲು ಕೆಲಸವನ್ನು ಊರೇ ಹೊರಬೇಕು.

ಊರಿಗೆ ಅದು ಭಾರವಾಗದು. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಚಿಕ್ಕ ಚಿಕ್ಕ ಪಾಲುಗಳನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು; ಭಾರತದ ಸಹಕಾರ ಚಳವಳಿಗೆ ಅದು ಮೊದಲ ಹೆಜ್ಜೆಯಾಯಿತು. ಸಾಲದ ಲೆಕ್ಕವನ್ನು ತಾನೇ ಇಡಬಲ್ಲ ಹಳ್ಳಿಯು ತೋಟದ ಲೆಕ್ಕವನ್ನು ಇಡಲಾರದೆ?

ಈಗ ನಮ್ಮ ಒಂದು ಎಕರೆಯ ಲೆಕ್ಕಕ್ಕೆ ಬರೋಣ. ಖೋಖೋ ಅಂಗಣವು 27 ಮೀಟರು ಉದ್ದ, 16 ಮೀಟರು ಅಗಲ. ಕಬಡ್ಡಿಯದು 13ಕ್ಕೆ 10. ವಾಲಿಬಾಲಿನದು 18ಕ್ಕೆ 9. ಮೂರೂ ಕೂಡಿ 724 ಚದರ ಮೀಟರು, ಎಂದರೆ ಏಳು ಗುಂಟೆಗಿಂತ ತುಸು ಹೆಚ್ಚು. ಸುತ್ತಲೂ ಓಡಾಡುವ ಜಾಗವನ್ನು ಧಾರಾಳವಾಗಿ ಬಿಟ್ಟರೂ 20 ಗುಂಟೆ ಸಾಕು. 16 ಗುಂಟೆಯಲ್ಲಿ ಮರಗಳು, ಕಟ್ಟೆ, ನಡೆಯುವ ಹಾದಿ, ಪಂಚಮಿಯ ಜೋಕಾಲಿ. ಉಳಿದ 4 ಗುಂಟೆಯಲ್ಲಿ ರಸ್ತೆಗೆ ಮುಖವಾಗಿ ಮಳಿಗೆಗಳನ್ನು ಕಟ್ಟಿಸಲಿ. ಮೊದಲನೆಯ ಪಕ್ಷದ ಹಿರಿಯರ ಮಾತಿನಲ್ಲಿ ಹುರುಳಿದೆಯೆಂದು ನಾನು ಮನಗಂಡಿರುವೆನು, ಏಕೆಂದರೆ ಆಯವಿಲ್ಲದ ತೋಟವು ಏನಾಗುವುದೆಂಬುದನ್ನು ನನಗಿಂತ ಬಲ್ಲವರಿಲ್ಲ. ಆ ಬಾಡಿಗೆಯಿಂದ ಮೊದಲು ಕಾವಲುಗಾರನ ಸಂಬಳವೂ ನೀರಿನ ವೆಚ್ಚವೂ ಸಲ್ಲಲಿ, ಉಳಿದುದು ದಾಸೋಹಕ್ಕೆ ಹೋಗಲಿ.

ನೆಲವು ಎರೆಮಣ್ಣಿನದು, ಮಳೆಗೆ ಕಾಲು ಹೂಳುವುದು, ಬೇಸಗೆಗೆ ಬಿರಿಯುವುದು. ಆದುದರಿಂದ ಆಟದ ಭಾಗಕ್ಕೆ ಗರಸು ಹಾಕಿ, ನೀರು ಹರಿದು ಹೋಗುವಂತೆ ಇಳಿಜಾರು ಕೊಡಬೇಕು. ಹುಲ್ಲಿನ ಹಾಸೂ ಕಾರಂಜಿಯೂ ಬೇಡ. ಬೇವು, ಹೊಂಗೆ, ಹುಣಸೆ, ಬನ್ನಿ, ಒಂದು ಆಲ: ಒಟ್ಟು ಇಪ್ಪತ್ತು ಸಸಿಗಳು ಸಾಕು. ಒಂದೊಂದನ್ನು ಒಂದೊಂದು ಮನೆತನವು ಮೂರು ಬೇಸಗೆಗಳವರೆಗೆ ಕಾಯತಕ್ಕದ್ದು. ಮುಂಜಾನೆ ಹುಡುಗರು ಬರಿಗಾಲಿನಲ್ಲಿ ಬರುವ ಮೊದಲೇ ನೆಲವನ್ನು ಗುಡಿಸಬೇಕು, ರಾತ್ರಿ ಯಾರೋ ಒಡೆದ ಬಾಟಲಿಯ ಚೂರು ಅಲ್ಲಿ ಇರಬಾರದು. ಜಾತ್ರೆಯಲ್ಲಿ ಅಂಗಡಿ ಹಾಕುವವರಿಂದ ಮುಂಗಡವನ್ನು ಪಡೆದು, ಗೂಟದ ಕುಣಿಗಳನ್ನು ಮುಚ್ಚಿದ ಮೇಲೆಯೇ ಮರಳಿಸಬೇಕು.

ತಾಯಂದಿರಿಗೆ ಏನು ಬೇಕೆಂದು ಕೇಳಿದೆನು. ಬೆಳಕು, ಕುಡಿಯುವ ನೀರು, ಶೌಚಗೃಹ ಎಂದರು. ನಾವು ಮೊದಲ ಸಲ ಕಾರಂಜಿಯ ಬದಲು ಇವನ್ನು ಮಾಡಿದ್ದರೆ ಅವರು ಬರುತ್ತಿದ್ದರು. ಹೆಣ್ಣುಮಕ್ಕಳ ಆಟಕ್ಕೆ ವಾರದಲ್ಲಿ ಮೂರು ಸಂಜೆಗಳು ಗೊತ್ತಾಗಿರಬೇಕು. ಆ ಹೊತ್ತಿನಲ್ಲಿ ಗಂಡುಹುಡುಗರು ಅಂಗಣವನ್ನು ಬಿಟ್ಟುಕೊಡುವುದೂ ಒಂದು ವಿದ್ಯೆಯೇ. ಮುಂಜಾನೆ ವೃದ್ಧರಿಗೆ ಹಾದಿ, ಶನಿವಾರ ರಾತ್ರಿ ಭಜನೆ, ತಿಂಗಳಿಗೊಮ್ಮೆ ಸೋಬಾನೆಯೋ ದೊಡ್ಡಾಟದ ತಾಲೀಮೋ ನಡೆಯಲಿ. ಆಡಳಿತಕ್ಕೆ ಐವರ ಸಮಿತಿಯಿರಲಿ. ಅದರಲ್ಲಿ ಇಬ್ಬರು ಮಹಿಳೆಯರೂ ಒಬ್ಬ ಹದಿನೆಂಟು ದಾಟಿದ ಆಟಗಾರನೂ ಇರಲಿ. ತಿಂಗಳ ಜಮಾಖರ್ಚನ್ನು ಗೋಡೆಯ ಹಲಗೆಯ ಮೇಲೆ ಬರೆಯಲಿ. ಅಮೃತಶಿಲೆಯ ಫಲಕವನ್ನು ಈ ಸಲವೂ ಹಾಕುವುದಾದರೆ ಅದರ ಮೇಲೆ ನಾಲ್ಕು ದಿಕ್ಕಿನ ಎಲ್ಲೆಯನ್ನೂ, ಬಾಡಿಗೆಯು ಯಾವುದಕ್ಕೆ ಸಲ್ಲತಕ್ಕದ್ದೆಂಬುದನ್ನೂ, ಕಾಯುವ ಸಮಿತಿಯ ಕರ್ತವ್ಯವನ್ನೂ ಕೆತ್ತಿಸಲಿ. ದಾನಿಗಳ ಹೆಸರು ಕೆಳಗೆ ಬರಲಿ. ನನ್ನ ಹೆಸರು ಬೇಡ.

ದಾಸೋಹವೆಂದರೆ ಅನ್ನವನ್ನಿಕ್ಕುವುದೆಂದು ನಾವು ರೂಢಿಯಿಂದ ತಿಳಿದಿರುವೆವು. ಹಸಿದವನಿಗೆ ಅನ್ನವು ಹೇಗೋ, ಇಕ್ಕಟ್ಟಿನಲ್ಲಿ ಬೆಳೆಯುವ ಮಗುವಿಗೆ ಬಯಲೂ ಹಾಗೆಯೇ. ಅದನ್ನು ಶ್ರೀಮಠವು ನೀಡಿದರೆ ಅದೂ ದಾಸೋಹವೇ ಆಗುವುದೆಂದು ನನ್ನ ನಂಬುಗೆ.

ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನನ್ನಲ್ಲಿಯೇ ಇದ್ದ ಆ ಕೀಲಿಕೈಯನ್ನು ಇಂದು ತಂದಿರುವೆನು. ಅದನ್ನು ಪೂಜ್ಯ ಶ್ರೀಗಳವರ ಪಾದಗಳಿಗೆ ಒಪ್ಪಿಸುತ್ತೇನೆ. ಬಾಗಿಲನ್ನು ತೆಗೆಯುವ ಕೆಲಸವನ್ನು ಆ ದಿನ ಪ್ರಶ್ನೆಯನ್ನು ಕೇಳಿದ ನನ್ನ ಶಿಷ್ಯನಿಗೆ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ. ಮಾತಿನಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಹಿರಿಯರು ಕ್ಷಮಿಸಬೇಕು.